ಬಂದವರ ಪಾಲು

"ಅಕ್ಕನ ಪಾಲು," ಎಂದ ಶಿವಕಾಂತ, ಕೊಬ್ಬರಿ ಚೂರನ್ನು ಹಾಲಿನಲ್ಲಿ ಅದ್ದಿ ಮಣ್ಣಿನ ನಾಗಪ್ಪನ ಹೆಡೆಯ ಮೇಲೆ ಬಿಡುತ್ತ. "ಮಾವನ ಪಾಲು. ಬೀಗರ ಪಾಲು. ನನ್ನ ಪಾಲು. ಸುನೀಲನ ಪಾಲು."

ಹೇಳಿ ಮುಗಿದ ಮೇಲೆ ಅವನಿಗೆ ಅದು ಕೇಳಿಸಿತು. ಬಾಯಿಂದ ಹೊರಟ ಮಾತನ್ನು ಹಿಂದಕ್ಕೆ ಎಳೆದುಕೊಳ್ಳುವ ಉಪಾಯವನ್ನು ಬಿಎಸ್ಸಿ ಮೊದಲ ವರ್ಷದಲ್ಲಿ ಇನ್ನೂ ಕಲಿಸಿರಲಿಲ್ಲ. ಹಾಲು ಹೆಡೆಯಿಂದ ಇಳಿದು, ನಾಗಪ್ಪನ ಕಣ್ಣಿಗೆ ಅಂಟಿಸಿದ್ದ ಗುಲಗಂಜಿಯನ್ನು ತೋಯಿಸಿ, ಮಣೆಯ ಮೇಲೆ ಹರಿದುಹೋಯಿತು.

ನಾಗರ ಚೌತಿಯ ಬೆಳಿಗ್ಗೆ ಗೊರೇಬಾಳದ ಆ ಮನೆಯಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ದೇವರ ಜಗಲಿಯ ಮುಂದೆ ಕೂತು ಮನೆಮಂದಿಯೆಲ್ಲರ ಹೆಸರಿನಲ್ಲಿ ಹಾಲೆರೆಯುವುದು ಪದ್ಧತಿ. ದೇವರ ಪಾಲು, ಗುರುವಿನ ಪಾಲು, ಹಿರಿಯರ ಪಾಲು ಎಂದು ಶುರುವಾಗಿ ತನ್ನ ಪಾಲಿಗೆ ಬಂದು ನಿಲ್ಲಬೇಕು. ಮದುವೆಯಾದವರು ಮಾತ್ರ ತಮ್ಮ ಪಾಲಿನ ಹಿಂದೆಯೇ ಹೆಂಡತಿಯದೋ ಗಂಡನದೋ ಸೇರಿಸುತ್ತಾರೆ. ಅಕ್ಕ ಐಶ್ವರ್ಯಳ ಮದುವೆ ವೈಶಾಖದಲ್ಲಿ ಆಗಿದ್ದರಿಂದ ಈ ವರ್ಷ ಪಾಲುಗಳು ಹೆಚ್ಚಾಗಿದ್ದವು. ಅಜ್ಜಿ ಪಂಪಮ್ಮ ಬೆಳಿಗ್ಗೆಯೇ ಎಲ್ಲರಿಗೂ ಪಾಠ ಮಾಡಿದ್ದಳು: "ಈ ವರ್ಷ ಅಳಿಯಂದೂ ಎರಿಬೇಕು, ಬೀಗರದೂ ಎರಿಬೇಕು. ಹುಡುಗಿ ಕೊಟ್ಟೀವಿ, ಮಂದಿ ಬಂದಾರ."

ಈಗ ಅದೇ ಅಜ್ಜಿ ಮಂಡಿಯ ಮೇಲೆ ಕೈಯೂರಿ ಮುಂದಕ್ಕೆ ಬಾಗಿದಳು.

"ಯಾರ ಪಾಲು ಅಂದೆಪಾ?"

"ಅವನ ಗೆಳೆಯಂದು, ಅಜ್ಜಿ," ಎಂದು ಐಶ್ವರ್ಯ ನಡುವೆ ಬಾಯಿ ಹಾಕಿದಳು. "ದಿನಾ ಜೊತಿಗೆ ಇರ್ತಾನಲ್ಲ, ಹೆಸರು ಬಾಯಿಗೆ ಬಂದುಬಿಟ್ಟೈತಿ. ಮುಂದ ನಡೀಲಿ, ಬೆಲ್ಲದ ಹಾಲಿಗೆ ಇರಿವಿ ಬರಾಕತ್ತಾವು."

"ಇರಿವಿ ಬರ್ಲಿ. ಗೆಳೆಯಾರ ಪಾಲು ಎರಿಯಂಗಿಲ್ಲ. ಹಂಗ ಎರೀತಾ ಹ್ವಾದ್ರ ಗೊರೇಬಾಳದ ಎಮ್ಮಿ ಹಾಲೆಲ್ಲ ತಂದ್ರೂ ಸಾಲಂಗಿಲ್ಲ. ಮನ್ಯಾಗ ಹುಟ್ಟಿದವ್ರದು, ಮನಿಗೆ ಬಂದವ್ರದು. ಇಷ್ಟ." ಅಜ್ಜಿ ಮೊಮ್ಮಗನ ಕಡೆ ತಿರುಗಿದಳು. "ಸುನೀಲ ಈ ಮನ್ಯಾಗ ಹುಟ್ಟಿಲ್ಲ. ಬಂದಾನೇನು?"

ಬಾಯಿ ತಪ್ಪಿತು ಎಂದು ನಕ್ಕುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕ ಅದಕ್ಕೆ ದಾರಿಯನ್ನೂ ಮಾಡಿಕೊಟ್ಟಿದ್ದಳು. ಆದರೆ ಶಿವಕಾಂತನ ಕೈಯಲ್ಲಿ ಕೊಬ್ಬರಿ ಚೂರು ಇನ್ನೂ ತೊಟ್ಟಿಕ್ಕುತ್ತಿತ್ತು. ಹಾವು ಹಾಲು ಕುಡಿಯುತ್ತದೆಂಬ ನಂಬಿಕೆ ಅವನಿಗಿರಲಿಲ್ಲ. ಹಾಲೆರೆಯುವಾಗ ಸುಳ್ಳು ಹೇಳಬಾರದೆಂಬ ನಂಬಿಕೆ ಮಾತ್ರ ಅಜ್ಜಿಯ ತೊಡೆಯ ಮೇಲೆ ಕೂತು ಕಲಿತದ್ದು, ಅದಿನ್ನೂ ಬಿಟ್ಟುಹೋಗಿರಲಿಲ್ಲ. ಅವನ ಕಿವಿಗಳು ಕೆಂಪಾಗಿ ಬಿಸಿಯಾದವು.

"ಬಂದಾನ," ಎಂದ.

ಅವ್ವ ಗ್ಯಾನಮ್ಮ ಆರತಿ ತಟ್ಟೆ ಹಿಡಿದುಕೊಂಡು ಹಾಗೇ ನಿಂತಳು. ಅಪ್ಪ ಮರಿಸ್ವಾಮಿ ಮಗನ ಮುಖ ನೋಡಿದ, ಮಗಳ ಮುಖ ನೋಡಿದ, ಮಗಳು ತಲೆ ತಗ್ಗಿಸಿದ್ದನ್ನು ನೋಡಿ ಎಲ್ಲ ತಿಳಿದುಕೊಂಡ. ಹೆಗಲ ಮೇಲಿನ ಟವೆಲ್ ತೆಗೆದ, ಕೊಡವಿದ, ಮತ್ತೆ ಅಲ್ಲೇ ಹಾಕಿಕೊಂಡ.

"ಜೋಕಾಲಿ ಹಗ್ಗ ಎಲ್ಲೈತಿ?" ಎಂದು ಗೋಡೆಯನ್ನು ಕೇಳಿ, ಉತ್ತರಕ್ಕೂ ಕಾಯದೆ ಹೊರಗೆ ನಡೆದುಬಿಟ್ಟ.

ಸುನೀಲ ಆ ಮನೆಗೆ ಹೊಸಬನೇನಲ್ಲ. ಪಿಯುಸಿಯಲ್ಲಿ ಶಿವಕಾಂತನ ಬೆಂಚಿನವನು, ಸಿಂಧನೂರಿನ ಹುಡುಗ. ಅವನಪ್ಪ ಅಂಬಪ್ಪ ಮೇಷ್ಟ್ರು ತುರ್ವಿಹಾಳದ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ಮನೆಯಲ್ಲಿ ಬುದ್ಧನ ಫೋಟೋ ಇಟ್ಟು ಹೂ ಹಾಕುವ ಜನ. ಪರೀಕ್ಷೆ ಹತ್ತಿರ ಬಂದಾಗ ಅಭ್ಯಾಸಕ್ಕೆಂದು ಸುನೀಲ ಬೈಕಿನಲ್ಲಿ ಗೊರೇಬಾಳಕ್ಕೆ ಬರತೊಡಗಿದ. ಇಬ್ಬರೂ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಓದುತ್ತಿದ್ದರು. ಅಜ್ಜಿ ಮೊದಲ ದಿನವೇ ಯಾರ ಮಗ, ಯಾವ ಓಣಿ ಎಂದು ಕೇಳಿ ತಿಳಿದುಕೊಂಡಳು, ಮತ್ತು ಅವನಿಗೆ ಚಹಾ ಕಾಗದದ ಕಪ್ಪಿನಲ್ಲಿ ಬರತೊಡಗಿತು. ಯಾರೂ ಏನೂ ಅನ್ನಲಿಲ್ಲ. ಒಂದು ದಿನ ಕಪ್ಪುಗಳು ಮುಗಿದು ಚಹಾ ಸ್ಟೀಲಿನ ಲೋಟದಲ್ಲಿ ಬಂತು. ಮರುದಿನವೂ ಲೋಟವೇ. ಮನೆಯವರಾರೂ ಅದನ್ನು ಗಮನಿಸಲಿಲ್ಲ, ಸುನೀಲ ಗಮನಿಸಿದ. "ಇವತ್ತು ನನಗ ಪ್ರಮೋಷನ್ ಆತು ನೋಡಲೇ," ಎಂದು ಲೋಟ ಎತ್ತಿ ತೋರಿಸಿ ನಕ್ಕ. ಶಿವಕಾಂತನಿಗೆ ನಾಚಿಕೆಯಾಯಿತು. ಆ ನಗುವನ್ನು ನೋಡುತ್ತಲೇ ಇರಬೇಕು ಅಂತಲೂ ಅನಿಸಿತು. ಅವನ ಎದೆಯಲ್ಲಿ ಏನೋ ಒಂದು ಶುರುವಾದದ್ದು ಆ ಸಂಜೆ.

ಸುನೀಲನಿಗೆ ಅದು ಇನ್ನೂ ಮೊದಲೇ ಶುರುವಾಗಿತ್ತಂತೆ. ಹೇಳಿದ್ದು ಮಾತ್ರ ಪರೀಕ್ಷೆ ಮುಗಿದ ದಿನ, ಕಾಲುವೆಯ ಸೇತುವೆಯ ಮೇಲೆ. ಹೇಳಿದ್ದು ಅಂದರೆ ಅದೂ ಮಾತಲ್ಲ, ಶಿವಕಾಂತನ ಕಿರುಬೆರಳಿಗೆ ತನ್ನ ಕಿರುಬೆರಳು ಸಿಕ್ಕಿಸಿ ನೀರು ನೋಡುತ್ತ ನಿಂತದ್ದು. ಹುಲ್ಲಿನ ಟ್ರ್ಯಾಕ್ಟರ್ ಒಂದು ಬಂದಾಗ ಬಿಟ್ಟರು, ಹೋದ ಮೇಲೆ ಮತ್ತೆ ಹಿಡಿದರು. ಅಕ್ಕನಿಗೆ ಶಿವಕಾಂತ ಇದನ್ನೆಲ್ಲ ಹೇಳಿದ್ದು ಹಬ್ಬಕ್ಕೆಂದು ಅವಳನ್ನು ಗಂಡನ ಊರು ಲಿಂಗಸುಗೂರಿನಿಂದ ಕರೆತರುವಾಗ. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತಿದ್ದಳು. ಕೇಳಿ ಮುಗಿಸಿ ಕಣ್ಣೊರೆಸಿಕೊಂಡು, "ಮಿರ್ಚಿ ಭಾಳ ಖಾರ ಅದಾವು, ಇನ್ನೊಂದು ಪ್ಲೇಟ್ ತಗೊಂಬಾ," ಎಂದಿದ್ದಳು.

ಹಾಲೆರೆದ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಉಂಡಿ ಕಟ್ಟುವ ಕೆಲಸ ನಡೆದಿತ್ತು. ಚೌತಿಯಂದು ಒಲೆಯ ಮೇಲೆ ಹಂಚು ಇಡುವಂತಿಲ್ಲ, ಏನನ್ನೂ ಕರಿಯುವಂತಿಲ್ಲ, ಹೆಚ್ಚುವಂತಿಲ್ಲ. ಸಿಟ್ಟು ಬಂದ ಹೆಂಗಸಿಗೆ ಸದ್ದು ಮಾಡಲು ಆ ದಿನ ಏನೂ ಸಿಗುವುದಿಲ್ಲ. ಹಾಗಾಗಿ ಗ್ಯಾನಮ್ಮನ ಸಂಕಟವೆಲ್ಲ ಉಂಡಿಗೆ ಹೋಗುತ್ತಿತ್ತು. ಮೊದಲು ಕಟ್ಟಿದ ಶೇಂಗಾ ಉಂಡಿಗಳು ನಿಂಬೆಹಣ್ಣಿನಷ್ಟಿದ್ದವು, ಆಮೇಲಿನವು ಕಿತ್ತಳೆಯಷ್ಟು. ಐಶ್ವರ್ಯ ಒಂದನ್ನು ಕೈಯಲ್ಲಿ ತೂಗಿ ನೋಡಿದಳು.

"ಯವ್ವಾ, ಇದನ್ನ ತಿನ್ನೋದೋ, ಯಾರಿಗಾದ್ರೂ ಹೊಡಿಯೋದೋ?"

"ನಿನಗ ಮೊದಲ ಗೊತ್ತಿತ್ತು," ಎಂದಳು ಅವ್ವ, ತಲೆ ಎತ್ತದೆ.

"ಗೊತ್ತಿತ್ತು."

"ನನಗ ಒಂದು ಮಾತು ಹೇಳಬಾರದಾಗಿತ್ತೇನು? ನಾ ಹೆತ್ತಾಕಿ ಅಲ್ಲೇನು?" ಅವ್ವ ಬಾಗಿಲಲ್ಲಿ ನಿಂತಿದ್ದ ಶಿವಕಾಂತನ ಕಡೆ ನೋಡಿದಳು. ಕಣ್ಣು ಕೆಂಪಾಗಿದ್ದವು. "ನಾ ನಿನಗ ಹುಡುಗಿ ನೋಡೋ ಕನಸು ಕಾಣಾಕತ್ತಿದ್ದೆ. ಇನ್ನ ನಾ ಏನು ಕನಸು ಕಾಣ್ಲೋ?"

ಶಿವಕಾಂತ ಹೋಗಿ ಪಕ್ಕದಲ್ಲಿ ಕೂತ. ಅವಳ ಭುಜಕ್ಕೆ ತಲೆ ಆನಿಸಿದ. ಅವಳು ಬೆಲ್ಲ ಮೆತ್ತಿದ ಕೈಯಿಂದಲೇ ಅವನ ತಲೆ ದೂಡಿದಳು, ಆಮೇಲೆ ಅದೇ ಕೈಯಿಂದ ಹತ್ತಿರ ಎಳೆದುಕೊಂಡಳು. ಅವನ ಕೂದಲಿಗೆ ಬೆಲ್ಲದ ಪಾಕ ಹತ್ತಿತು.

"ಹುಡುಗಿ ಬಂದಿದ್ರ ಸಾರು ಮಾಡಾಕ ಕಲಿಸ್ತಿದ್ದೆ," ಎಂದಳು, ಇನ್ನೊಂದು ಉಂಡಿಗೆ ಕೈ ಹಾಕುತ್ತ.

"ಸುನೀಲಗ ಬರ್ತೈತವ್ವ. ಪುಂಡಿಪಲ್ಯನೂ ಮಾಡ್ತಾನ."

"ಪುಂಡಿಪಲ್ಯ?" ಅವ್ವನಿಗೆ ಅಳುವಿನ ನಡುವೆಯೇ ಕುತೂಹಲ ಹುಟ್ಟಿತು. "ಜ್ವಾಳದ ನುಚ್ಚು ಹಾಕ್ತಾನೋ, ಅಕ್ಕಿ ನುಚ್ಚೋ?"

ಅಷ್ಟರಲ್ಲಿ ಪಕ್ಕದ ಮನೆಯ ರಾಜಾಬೀ ಉಂಡಿಯ ಪಾಲಿಗೆಂದು ಡಬ್ಬಿ ಹಿಡಿದು ಬಂದಳು. ರಮ್ಜಾನಿಗೆ ಶಾವಿಗೆಯ ಸುರಕುಂಬಾ ಆ ಮನೆಯಿಂದ, ಪಂಚಮಿಗೆ ಉಂಡಿ ಈ ಮನೆಯಿಂದ, ಇದು ಎಷ್ಟೋ ವರ್ಷದ ಲೆಕ್ಕ. ತಾಯಿಮಕ್ಕಳ ಅವಸ್ಥೆ ನೋಡಿ, "ಯಾಕ್ರೇ, ಹಬ್ಬದ ದಿನ ಎಲ್ಲಾರೂ ಮೂಗು ಏರಸಾಕತ್ತೀರಿ?" ಎಂದಳು. "ಶೇಂಗಾದ ಧೂಳು," ಎಂದು ಮೂವರೂ ಒಟ್ಟಿಗೆ ಹೇಳಿದರು. ರಾಜಾಬೀ ತನಗೆ ಸಿಕ್ಕ ಉಂಡಿಯ ಗಾತ್ರ ನೋಡಿ ಮತ್ತೇನನ್ನೂ ಕೇಳದೆ ಖುಷಿಯಾಗಿ ಹೋದಳು.

ಮರಿಸ್ವಾಮಿ ಬೇವಿನ ಮರದ ಕೊಂಬೆಯ ಮೇಲೆ ಕೂತು ಜೋಕಾಲಿ ಕಟ್ಟುತ್ತಿದ್ದ. ಪ್ರತಿವರ್ಷ ಏಣಿ ಹಿಡಿಯುವುದು ಶಿವಕಾಂತನ ಕೆಲಸ. ಈ ವರ್ಷ ಹಿಡಿಯಲೋ ಬೇಡವೋ ಎಂದು ಅವನು ಬಾಗಿಲಲ್ಲಿ ನಿಂತು ನೋಡಿದ. ಅಪ್ಪ ಇಳಿಯಲು ಒಂದು ಕಾಲು ಚಾಚಿದಾಗ ಏಣಿ ಅಲುಗಾಡಿತು. ಓಡಿಹೋಗಿ ಹಿಡಿದ. ಅಪ್ಪ ಇಳಿಯಲಿಲ್ಲ. ಮೇಲೆ ಕೂತೇ ಹಗ್ಗಕ್ಕೆ ಇನ್ನೊಂದು ಸುತ್ತು ಹಾಕುತ್ತ, ಹಗ್ಗವನ್ನೇ ನೋಡುತ್ತ ಕೇಳಿದ.

"ಯಾವಾಗಿಂದ?"

"ಎರಡನೇ ಪಿಯು."

"ಅಂದ್ರ ಹುಡುಗ್ರು ಓದಾಕತ್ತಾವು ಅಂತ ನಾ ಅಂಗಡಿಯಿಂದ ಬಿಸ್ಕೀಟ್ ಪುಡಾ ಕಳಸ್ತಿದ್ನೆಲ್ಲ, ಆವಾಗಿಂದ."

"ಓದೂ ಓದೀವಪ್ಪ. ಇಬ್ಬರಿಗೂ ಡಿಸ್ಟಿಂಕ್ಷನ್ ಬಂದೈತಿ."

"ಅದೂ ಖರೆ," ಎಂದ ಮರಿಸ್ವಾಮಿ. ಫಲಿತಾಂಶದ ದಿನ ತನ್ನ ಅಂಗಡಿಗೆ ಬಂದವರಿಗೆಲ್ಲ ಪೇಡೆ ಹಂಚಿದ್ದು ನೆನಪಾಗಿ ಅವನ ಮುಖ ಒಂದು ಗಳಿಗೆ ಅರಳಿತು, ಮತ್ತೆ ಬಾಡಿತು. "ನನಗ ತಿಳಿಯಂಗಿಲ್ಲೋ ಶಿವಾ. ಜಾತಿ ಬ್ಯಾರೆ ಐತಿ ಅಂದಿದ್ರ ಮಂದಿಗೆ ಹೇಳಾಕ ಒಂದು ಮಾತು ಹುಡುಕ್ತಿದ್ದೆ. ಹುಡುಗಿ ಅಲ್ಲ, ಹುಡುಗ ಅಂದ್ರ ಅದಕ್ಕೂ ಒಂದು ಹುಡುಕ್ತಿದ್ದೆನೇನೋ. ಎರಡೂ ಕೂಡಿ ಬಂದ್ರ ನಾ ಎಲ್ಲಿಂದ ಶುರು ಮಾಡ್ಲಿ?"

"ನಿನ್ನಿ ರೊಟ್ಟಿ ಪಂಚಮಿಗೆ ಸುನೀಲನ ಅವ್ವ ಕಳಿಸಿದ ಸಜ್ಜಿ ರೊಟ್ಟಿ ಎಲ್ಲಿಂದ ಶುರು ಮಾಡಿದ್ದಿ?" ಕಟ್ಟೆಯ ಮೇಲಿಂದ ಅಜ್ಜಿಯ ದನಿ ಬಂತು. ಅವಳು ಅಲ್ಲಿ ಯಾವಾಗ ಬಂದು ಕೂತಿದ್ದಳೋ ಯಾರಿಗೂ ಗೊತ್ತಿರಲಿಲ್ಲ. "ಅಂಚಿನಿಂದನೋ, ನಡುವಿನಿಂದನೋ? ಎಳ್ಳು ಭಾಳ ಛಲೋ ಹಚ್ಚ್ಯಾರ ಅಂತ ಬೆರಳು ನೆಕ್ಕಿದಿ."

"ರೊಟ್ಟಿ ಬ್ಯಾರೆ ಬೇ, ಇದು ಬ್ಯಾರೆ."

"ಬ್ಯಾರೆನ ಇರ್ಲಿ. ನಾಳಿಗೆ ಹುತ್ತಕ್ಕ ಎರಿಯಾವ ನೀನು. ಚೌತಿಗೆ ಎರದ ಪಾಲು ಪಂಚಮಿಗೆ ಬಿಡಾಕ ಬರಂಗಿಲ್ಲ. ನಾಗಪ್ಪಗ ಒಂದು ದಿನ ಒಂದು ಲೆಕ್ಕ, ಮರುದಿನ ಒಂದು ಲೆಕ್ಕ ಹೇಳಬಾರದು."

ಹಬ್ಬದ ನಡಾವಳಿಯೇ ಹಾಗೆ. ಮನೆಯೊಳಗೆ ಎಲ್ಲರೂ ಎರೆದ ಪಾಲುಗಳನ್ನು ಮರುದಿನ ಹೊಲದ ಹುತ್ತದ ಮುಂದೆ ಯಜಮಾನನೊಬ್ಬನೇ, ದನಿಯೆತ್ತಿ, ಎಲ್ಲರ ಪರವಾಗಿ ಹೇಳಿ ಎರೆಯಬೇಕು. ಅವನ ಬಾಯಿಂದ ಬಂದ ಹೆಸರು ಮನೆಯ ಹೆಸರು. ಶಿವಕಾಂತ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಪ್ಪ ಹೊಡೆಯುವವನಲ್ಲ, ಹೊರಗೆ ಹಾಕುವವನೂ ಅಲ್ಲ. ಆದರೆ ನಾಳೆ ಅಪ್ಪ ಆ ಒಂದು ಹೆಸರು ಬಿಟ್ಟುಬಿಟ್ಟರೆ, ಇನ್ನು ಈ ಮನೆಯಲ್ಲಿ ತಾನು ಅರ್ಧ ಮಾತ್ರ ಇರಬೇಕಾಗುತ್ತದೆ, ಇನ್ನರ್ಧವನ್ನು ಹೊಸ್ತಿಲಾಚೆ ಇಟ್ಟು ಬರಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ನನ್ನ ಬಾಯಿಗೆ ಬರಂಗಿಲ್ಲ ಬೇ ಅದು," ಎಂದ ಮರಿಸ್ವಾಮಿ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

ಅಜ್ಜಿ ಎಲೆ ಅಡಿಕೆಯ ಚೀಲ ಬಿಚ್ಚಿದಳು, ಏನನ್ನೂ ತೆಗೆಯದೆ ಮತ್ತೆ ಕಟ್ಟಿದಳು.

"ನನ್ನ ಪಾಲು ಒಂದು ವರ್ಷ ಬಿಟ್ಟಿದ್ರು, ಗೊತ್ತೈತೇನು ನಿನಗ? ನಿಮ್ಮಪ್ಪ ತಾನ ಮೆಚ್ಚಿ ನನ್ನ ತಂದಿದ್ದ. ನಿಮ್ಮ ಮುತ್ಯಾಗ, ಅಂದ್ರ ನನ್ನ ಮಾವಗ, ಅದು ಬರೋಬ್ಬರಿ ಅನಿಸಿರಲಿಲ್ಲ. ಚೌತಿಗೆ ನಿಮ್ಮಪ್ಪ 'ಪಂಪಿ ಪಾಲು' ಅಂತ ಎರದ. ನಾ ಬಾಗಿಲ ಮರಿಗೆ ನಿಂತು ಕೇಳಿದ್ದೆ, ಇಷ್ಟಗಲ ಆಗಿತ್ತು ಎದಿ. ಮರುದಿನ ಹುತ್ತದ ಮುಂದ ನಿಮ್ಮ ಮುತ್ಯಾ ಎಲ್ಲಾರದೂ ಹೇಳಿದ, ನಂದು ಹೇಳಲಿಲ್ಲ. ತಂಬಿಗ್ಯಾಗ ಹಾಲು ಉಳಿದಿತ್ತು. ನನ್ನ ಮುಂದನ ಬದುವಿಗೆ ಚೆಲ್ಲಿದ." ಅವಳು ಚೀಲವನ್ನು ಸೊಂಟಕ್ಕೆ ಸಿಕ್ಕಿಸಿದಳು. "ಮುಂದಿನ ವರ್ಷದಿಂದ ಎರದ, ಅದು ಬ್ಯಾರೆ ಮಾತು. ಆಮ್ಯಾಲ ಕಡೀತನಕ ನನ್ನ ಕೈಯಾಗಿನ ಗಂಜಿನ ಕುಡದ. ಆದ್ರ ಆ ಚೆಲ್ಲಿದ ಹಾಲು ನನ್ನ ಕಣ್ಣಾಗ ಇನ್ನೂ ಐತೆಪಾ."

ಮರಿಸ್ವಾಮಿ ಕೊಂಬೆಯ ಮೇಲೆ ಕೂತೇ ಇದ್ದ. ಬಹಳ ಹೊತ್ತಿನ ಮೇಲೆ ಇಳಿದ. ಹಗ್ಗಕ್ಕೆ ಜೋತುಬಿದ್ದು ಗಂಟು ಪರೀಕ್ಷಿಸಿದ, ಯಾರ ಮುಖವನ್ನೂ ನೋಡದೆ ಅಂಗಡಿಗೆ ಹೋದ.

"ಪಾಲು ಎರಸಿಕೊಂಡಾವ ಹುತ್ತದ ಹತ್ರ ಇರಬೇಕು," ಎಂದು ಅಜ್ಜಿ ಮೊಮ್ಮಗನಿಗೆ ಅಪ್ಪಣೆ ಕೊಟ್ಟಳು. "ಅಳಿಯ ಡ್ಯೂಟಿ ಐತಿ ಅಂತ ತಪ್ಪಿಸಿಕೊಂಡಾನ. ಇವಗ ಬರಾಕ ಹೇಳು."

ಸಂಜೆ ಶಿವಕಾಂತ ಕಾಲುವೆಯ ಸೇತುವೆಗೆ ಹೋಗಿ ಫೋನ್ ಮಾಡಿದ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಆ ಕಡೆ ಸದ್ದೇ ಇಲ್ಲ.

"ಸುನ್ಯಾ, ಅದಿ ಏನಲೇ?"

"ಅದೀನಿ. ಕುಂತೀನಿ." ಸುನೀಲನ ದನಿ ನಗುವಿಗೆ ತಿರುಗಿತು. "ಅಲ್ಲಲೇ, ಮಂದಿ ಚೀಟಿ ಬರೀತಾರ, ಸ್ಟೇಟಸ್ ಹಾಕ್ತಾರ. ನೀ ಹೋಗಿ ಹೋಗಿ ಹಾವಿಗೆ ಹೇಳಿದೆಲ್ಲ!"

"ಬಾಯಿಗೆ ಬಂತೋ."

"ಹಾವು ಹಾಲು ಕುಡಿಯಂಗಿಲ್ಲ ಅಂತ ನಮ್ಮಪ್ಪ ಇವತ್ತ ಸಾಲ್ಯಾಗ ಪಾಠ ಮಾಡಿ ಬಂದಾನ. ವರ್ಷಾ ಮಾಡ್ತಾನ. ನಾಳಿಗೆ ನಾ ಹೋಗಿ ಹುತ್ತದ ಮುಂದ ನಿಂತೀನಿ ಅಂತ ಗೊತ್ತಾದ್ರ ಏನಂತಾನೋ."

"ಬರ್ತಿ ಹಂಗಾರ?"

"ನಿಮ್ಮಪ್ಪ ನನ್ನ ಹೆಸರು ಹೇಳಲಿಲ್ಲ ಅಂದ್ರ?"

ಶಿವಕಾಂತ ಗದ್ದೆಯ ಕಡೆ ತಿರುಗಿದ. ಕಾಲುವೆಯ ಎರಡೂ ಕಡೆ ನಾಟಿ ಮುಗಿದ ಗದ್ದೆಗಳು ಹೊಸ ಹಸಿರಾಗಿದ್ದವು, ಬೆಳ್ಳಕ್ಕಿಗಳು ಇಳಿದಿದ್ದವು.

"ಹೇಳಲಿಲ್ಲ ಅಂದ್ರ ಇಬ್ಬರೂ ಕೂಡಿ ಹೊಳ್ಳಿ ನಡಕೊಂತ ಬರೋಣು," ಎಂದ. "ಒಬ್ಬನ ನಿಂತು ಕೇಳಾಕ ನನಗ ಧೈರ್ಯ ಇಲ್ಲೋ."

"ಬರ್ತೀನಿ," ಎಂದ ಸುನೀಲ. "ನಮ್ಮವ್ವಗ ಹೇಳೇ ಬರ್ತೀನಿ."

ಸುನೀಲನ ತಾಯಿ ಪದ್ಮಾವತಿಗೆ ಬೇಸಿಗೆಯಲ್ಲೇ ಎಲ್ಲ ಗೊತ್ತಾಗಿತ್ತು. ಮಗನೇ ಹೇಳಿದ್ದ. ಆಕೆ ಕೆಲವು ದಿನ ಮಾತು ಬಿಟ್ಟಿದ್ದಳು, ಆಮೇಲೆ ಒಂದು ಸಂಜೆ, "ಆ ಹುಡುಗ ಬಂದಾಗೊಮ್ಮೆ ಬರೇ ಚಾ ಕುಡದು ಹೋಗ್ತಾನ, ಒಂದಿನ ಊಟಕ್ಕ ಕರಿ," ಎಂದಿದ್ದಳು. ಮೇಷ್ಟ್ರಿಗೂ ಗೊತ್ತಿತ್ತು. ಗೊತ್ತಿಲ್ಲದವರಂತೆ ಪೇಪರ್ ಓದುತ್ತಿದ್ದರು.

ಪಂಚಮಿಯ ಬೆಳಿಗ್ಗೆ ಸುನೀಲ ಬೈಕಿನಿಂದ ಇಳಿದಾಗ ಐಶ್ವರ್ಯಳಿಗೆ ನಗು ತಡೆಯಲಾಗಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕರಿ ಪ್ಯಾಂಟು, ಎಣ್ಣೆ ಹಚ್ಚಿ ಬಾಚಿದ ತಲೆ. ಕೈಯಲ್ಲಿ ಅವನವ್ವ ಕೊಟ್ಟ ಸ್ಟೀಲಿನ ಡಬ್ಬಿ. "ನೌಕರಿ ಇಂಟರ್ವ್ಯೂ ಆ ಕಡೆ ಐತಿ," ಎಂದು ಅವಳು ಮೆಲ್ಲಗೆ ಹೇಳಿದಳು. ಸುನೀಲ ಅಭ್ಯಾಸಬಲದಿಂದ ಕಟ್ಟೆಯ ಮೇಲೆ ಕೂರಲು ಹೋದ. ಗ್ಯಾನಮ್ಮ ಒಳಗಿನಿಂದ ಬಂದು ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದಳು. ಪುಂಡಿಪಲ್ಯ. ಮೂಗಿನ ಹತ್ತಿರ ಹಿಡಿದು ನೋಡಿ, "ಜ್ವಾಳದ ನುಚ್ಚು," ಎಂದಳು ತನಗೆ ತಾನೇ, ಸಮಾಧಾನವಾದವಳಂತೆ.

ಮರಿಸ್ವಾಮಿ ಹೊಲಕ್ಕೆ ಹೊರಡುವಾಗ ಮಾತ್ರ ಒಮ್ಮೆ ಸುನೀಲನ ಕಡೆ ತಿರುಗಿದ.

"ನಿಮ್ಮಪ್ಪ ಇರಾದು ಎಲ್ಲಿ? ತುರ್ವಿಹಾಳದಾಗೋ, ಸಿಂಧನೂರಾಗೋ?"

"ಸಾಲಿ ತುರ್ವಿಹಾಳರಿ ಕಾಕಾ. ಮನಿ ಸಿಂಧನೂರರಿ." ಅಪ್ಪ ಸುನೀಲನ ಮನೆಗೇ ಹೋಗಿ ತಕರಾರು ಮಾಡುತ್ತಾನೆಂದು ಶಿವಕಾಂತನಿಗೆ ಅನಿಸಿತು. ಮರಿಸ್ವಾಮಿ "ಹೂಂ" ಎಂದಷ್ಟೇ ಹೇಳಿ ಮುಂದೆ ನಡೆದ.

ಹುತ್ತ ಇದ್ದದ್ದು ಹೊಲದ ತುದಿಯಲ್ಲಿ, ಬನ್ನಿ ಗಿಡದ ಬುಡದಲ್ಲಿ. ಗದ್ದೆಗೆ ನೀರು ಬಿಟ್ಟಿದ್ದರಿಂದ ಬದುವೆಲ್ಲ ಜಾರುತ್ತಿತ್ತು. ಮುಂದೆ ಅಪ್ಪ, ಅವನ ಹಿಂದೆ ತಂಬಿಗೆ ಹಿಡಿದ ಅಜ್ಜಿ, ಅವ್ವ, ಅಕ್ಕ, ಕೊನೆಗೆ ಹುಡುಗರಿಬ್ಬರು. ಸುನೀಲನ ಹೊಸ ಬೂಟು ಎರಡು ಸಲ ಕೆಸರಿಗೆ ಹೋಯಿತು. ಎರಡನೇ ಸಲ ಅಜ್ಜಿ ತಿರುಗಿ, "ಬೂಟು ಬಿಚ್ಚೋ ಮಾರಾಯ, ಇದೇನು ಕಾಲೇಜೇನು?" ಎಂದು ಬೈದಳು. ಅವನು ಬಿಚ್ಚಿ, ಪ್ಯಾಂಟು ಮಡಚಿದ. ಬರಿಗಾಲಾದ ಮೇಲೆ ಅವನ ಮುಖದಲ್ಲಿ ಸ್ವಲ್ಪ ಜೀವ ಬಂತು.

ಅರಿಶಿಣ ಕುಂಕುಮ, ಹೂವು, ಜೋಳದ ಅಳ್ಳು ಎಲ್ಲ ಆಯಿತು. ಮರಿಸ್ವಾಮಿ ಟವೆಲನ್ನು ಸೊಂಟಕ್ಕೆ ಕಟ್ಟಿ ಕುಕ್ಕರಗಾಲಿನಲ್ಲಿ ಕೂತ. ಅಜ್ಜಿ ತಂಬಿಗೆಯನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತಳು.

"ದೇವರ ಪಾಲು. ಗುರುವಿನ ಪಾಲು. ಹಿರಿಯರ ಪಾಲು." ಅಂಗಡಿಯಲ್ಲಿ ಗಿರಾಕಿ ಕರೆಯುವ ಅದೇ ದಪ್ಪ ದನಿ. "ಅವ್ವನ ಪಾಲು. ನನ್ನ ಪಾಲು. ಹೇಣ್ತಿ ಪಾಲು. ಮಗಳ ಪಾಲು. ಅಳಿಯನ ಪಾಲು. ಲಿಂಗಸುಗೂರು ಬೀಗರ ಪಾಲು."

ಐಶ್ವರ್ಯ ತಲೆ ಎತ್ತಿದಳು. ಇರುವವರೇ ಒಂದು ಮನೆಯ ಬೀಗರು, ಅವರಿಗೆ ಊರಿನ ಹೆಸರು ಯಾಕೆ ಹಚ್ಚಿದ ಅಂತ ಅವಳಿಗೆ ತಿಳಿಯಲಿಲ್ಲ.

"ಮಗನ ಪಾಲು," ಎಂದ ಮರಿಸ್ವಾಮಿ, ಮತ್ತು ನಿಂತ.

ತಂಬಿಗೆಯಲ್ಲಿ ಹಾಲು ಉಳಿದಿತ್ತು. ಕಾಲುವೆಯಿಂದ ಗದ್ದೆಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಶಿವಕಾಂತನಿಗೆ ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು, ಬೆವರಿಗೆ ಅಂಗಿ ಅಂಟಿಕೊಂಡ ಆ ಅಗಲವಾದ ಬೆನ್ನು. ಚಿಕ್ಕವನಿದ್ದಾಗ ಅದನ್ನೇರಿಯೇ ಅವನು ಈ ಬದುವಿನ ಮೇಲೆ ಬರುತ್ತಿದ್ದ. ಅವನು ಪಕ್ಕಕ್ಕೆ ಕೈ ಚಾಚಿದ. ಸುನೀಲನ ಕಿರುಬೆರಳು ಅಲ್ಲೇ ಇತ್ತು, ತಣ್ಣಗಾಗಿತ್ತು. ಅಜ್ಜಿ ಬದುವನ್ನು ನೋಡುತ್ತಿದ್ದಳು, ಯಾವುದೋ ಒಂದು ಜಾಗವನ್ನು.

ಮರಿಸ್ವಾಮಿ ತನ್ನ ಅವ್ವನ ಮುಖ ನೋಡಿದ. ಅವಳು ನೋಡುತ್ತಿದ್ದ ಜಾಗವನ್ನೂ ನೋಡಿದ. ಗಂಟಲು ಸರಿ ಮಾಡಿಕೊಂಡ. ಮೊದಲ ಸಲ ದನಿ ಹೊರಡಲಿಲ್ಲ. ಇನ್ನೊಮ್ಮೆ ಸರಿ ಮಾಡಿಕೊಂಡ.

"ಸುನೀಲನ ಪಾಲು."

ಕೊಬ್ಬರಿ ಚೂರಿನಿಂದ ಹಾಲು ಹುತ್ತದ ಬಾಯಿಗೆ ಇಳಿಯಿತು. ಗ್ಯಾನಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು, ಅಲ್ಲಿ ಶೇಂಗಾದ ಧೂಳು ಇರಲಿಲ್ಲ. ಶಿವಕಾಂತ ಉಸಿರು ಬಿಟ್ಟ. ಸುನೀಲ ಅಳುವುದೋ ನಗುವುದೋ ತಿಳಿಯದೆ ಬನ್ನಿ ಗಿಡದ ಕಡೆ ಮುಖ ಮಾಡಿ ನಿಂತ. ಎಲ್ಲ ಮುಗಿಯಿತೆಂದು ಐಶ್ವರ್ಯ ಉಂಡಿಯ ಬುಟ್ಟಿ ಎತ್ತಿಕೊಂಡಳು.

"ತಡಿ, ಮುಗದಿಲ್ಲ," ಎಂದ ಮರಿಸ್ವಾಮಿ. ಈ ಸಲ ದನಿ ಸಲೀಸಾಗಿ ಬಂತು, ಅಂಗಡಿಯ ದನಿಯೇ. ಕೊಬ್ಬರಿ ಚೂರನ್ನು ಪಕ್ಕಕ್ಕಿಟ್ಟು, ತಂಬಿಗೆಯನ್ನೇ ಬಗ್ಗಿಸಿದ. "ಸಿಂಧನೂರು ಬೀಗರ ಪಾಲು."

ಅವನು ಎದ್ದ. ಮಂಡಿ ಹಿಡಿದುಕೊಂಡು "ಅಬಾ" ಎಂದ. "ನಡ್ರಿ, ಬಿಸಲು ಏರಾಕತ್ತೈತಿ. ಅಂಗಡಿ ತಗೀಬೇಕು," ಎಂದು ಯಾರ ಮುಖವನ್ನೂ ನೋಡದೆ ಬದುವಿನ ಮೇಲೆ ಮುಂದೆ ನಡೆದ. ಅವನ ಕಿವಿಗಳು ಕೆಂಪಾಗಿದ್ದವು. ಮಗನಿಗೆ ಆ ಕಿವಿ ಯಾರಿಂದ ಬಂದಿದ್ದವೆಂದು ಸುನೀಲ ಆಗ ಕಂಡುಕೊಂಡ.

ಅಜ್ಜಿ ತಂಬಿಗೆಯನ್ನು ಎತ್ತಿಕೊಂಡಳು. ಒಳಗೆ ಇಣುಕಿದಳು. ಬಿಸಿಲಿಗೆ ಹಿಡಿದು ಇನ್ನೊಮ್ಮೆ ಇಣುಕಿದಳು. ಆಮೇಲೆ ಅದನ್ನು ಬದುವಿನ ಮೇಲೆ ಬೋರಲು ಹಿಡಿದು ಕೊಡವಿದಳು. ಒಂದು ಹನಿಯೂ ಬೀಳಲಿಲ್ಲ.

"ಹಿಡಿಯಪಾ," ಎಂದು ಖಾಲಿ ತಂಬಿಗೆಯನ್ನು ಸುನೀಲನ ಕೈಗೆ ಕೊಟ್ಟಳು. "ನನಗ ಜಾರತೈತಿ, ಎರಡೂ ಕೈ ಬೇಕು."

ಒಂದು ಕೈಯಲ್ಲಿ ಬೂಟು, ಇನ್ನೊಂದು ಕೈಯಲ್ಲಿ ತಂಬಿಗೆ ಹಿಡಿದು, ಬರಿಗಾಲಿನಲ್ಲಿ ಸುನೀಲ ಎಲ್ಲರ ಹಿಂದೆ ಮನೆಯ ಕಡೆ ನಡೆದ.